ಏಪ್ರಿಲ್ ತಿಂಗಳ ಗೌರವಧನ: ಕೋಗಳಿ ನಾಡಿನ ಸಂಜೆ ತರಗತಿ ಮತ್ತು ಬೇಸಿಗೆ ಕಲಿಕೆಯ ಹಣಕಾಸು

ಶಾಸನಗಳು ಕೋಗಳಿ ಐನೂರು ಎಂದು ಹೆಸರಿಸುವ ನಾಡಿನ ನೆನಪನ್ನು ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಗ್ರಾಮ ಉಳಿಸಿಕೊಂಡಿದೆ. ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿದಾಗ ಕೂಡ್ಲಿಗಿ ಮತ್ತು ಹರಪನಹಳ್ಳಿ ಎರಡೂ ಆ ಪಟ್ಟಿಯಲ್ಲಿದ್ದವು. ಈ ತಾಲ್ಲೂಕುಗಳ ತಾಂಡಾ, ಹಟ್ಟಿ ಮತ್ತು ಕೇರಿಗಳಲ್ಲಿ ಸಂಜೆ ತರಗತಿಗಳನ್ನೂ ಬೇಸಿಗೆ ಶಿಬಿರಗಳನ್ನೂ ನಡೆಸುವ ಕೆಲಸದೊಡನೆ ಹಲವು ವರ್ಷಗಳಿಂದ ಇರಿಸಿಕೊಂಡ ಒಡನಾಟದಿಂದ ಹುಟ್ಟಿದ ಗ್ರಹಿಕೆಗಳನ್ನು ಈ ಲೇಖನ ದಾಖಲಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಇಷ್ಟು: ಇಂಥ ಕಲಿಕೆಗೆ ಬೇಕಾದ ಹಣದ ಮೊತ್ತ ದೊಡ್ಡದಲ್ಲ, ಆದರೆ ಆ ಹಣ ಬರುವ ತಿಂಗಳು ಮತ್ತು ಅದನ್ನು ಖರ್ಚು ಮಾಡಲು ಅವಕಾಶವಿರುವ ಬಾಬತ್ತು ಎರಡೂ ಮಗುವಿನ ಅಗತ್ಯಕ್ಕೆ ಹೊಂದುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಹಾಗೂ 800 ಬೋಧನಾ ಗಂಟೆಗಳನ್ನು, ಆರರಿಂದ ಎಂಟನೇ ತರಗತಿಗೆ 220 ದಿನ ಹಾಗೂ 1,000 ಗಂಟೆಗಳನ್ನು ನಿಗದಿಪಡಿಸಿದೆ. ವರ್ಷದ 8,760 ಗಂಟೆಗಳಲ್ಲಿ ಇದು ಹತ್ತನೆಯ ಒಂದು ಪಾಲಿನ ಆಸುಪಾಸು. ಉಳಿದ ಸಮಯದಲ್ಲಿ ಕೊಟ್ಟೂರು ಪಟ್ಟಣದ ನೌಕರರ ಮನೆಯ ಮಗುವಿಗೆ ಟ್ಯೂಷನ್ ಇರುತ್ತದೆ, ಓದಿ ಹೇಳುವ ಹಿರಿಯರಿರುತ್ತಾರೆ; ಹಡಗಲಿಯ ಮಲ್ಲಿಗೆ ತೋಟದ ಕೂಲಿಯವರ ಮಗುವಿಗೆ ನಸುಕಿನಲ್ಲಿ ಮೊಗ್ಗು ಬಿಡಿಸುವುದೂ, ಕೂಡ್ಲಿಗಿಯ ಗೊಲ್ಲರಹಟ್ಟಿಯ ಮಗುವಿಗೆ ಕುರಿ ಹಿಂದೆ ಹೋಗುವುದೂ, ಎಲ್ಲೆಡೆ ದೊಡ್ಡ ಹೆಣ್ಣುಮಕ್ಕಳಿಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವುದೂ ಇರುತ್ತದೆ. ಶಾಲೆಯೊಳಗೆ ಈ ಎರಡೂ ಬಗೆಯ ಮಕ್ಕಳು ಒಂದೇ ಪಾಠ ಕೇಳುತ್ತಾರಾದರೂ, ಶಾಲೆಯ ಹೊರಗಿನ ಈ ವ್ಯತ್ಯಾಸವೇ ಐದನೇ ತರಗತಿಯ ಹೊತ್ತಿಗೆ ಒಬ್ಬರು ಕತೆ ಓದುವ, ಇನ್ನೊಬ್ಬರು ಒತ್ತಕ್ಷರದಲ್ಲಿ ತಡವರಿಸುವ ಸ್ಥಿತಿಯನ್ನು ತರುತ್ತದೆ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ ಆಗಿರುವುದರಿಂದ ಕನ್ನಡವನ್ನು ಶಾಲೆಯಲ್ಲೇ ಮೊದಲು ಕೇಳುವ ಮಕ್ಕಳಿಗೆ ಈ ಅಂತರ ಇನ್ನಷ್ಟು ಹಿಗ್ಗುತ್ತದೆ.

ಇದರ ಮೇಲೆ ಗುಳೆಯ ಕಾಲಚಕ್ರ ಸೇರುತ್ತದೆ. ಮೆಕ್ಕೆಜೋಳದ ಕಟಾವು ಮುಗಿದು ದೀಪಾವಳಿ ಕಳೆದ ಮೇಲೆ ಹಲವು ತಾಂಡಾಗಳ ಕುಟುಂಬಗಳು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಹೋಗಿ, ಯುಗಾದಿಯಿಂದ ಮುಂಗಾರಿನ ನಡುವೆ ಹಿಂದಿರುಗುತ್ತವೆ. ಮಕ್ಕಳಲ್ಲಿ ಕೆಲವರು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ, ಕೆಲವರು ಜೊತೆಗೆ ಹೋಗಿ ಮೂರ್ನಾಲ್ಕು ತಿಂಗಳ ಪಾಠ ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಬರಿಯ ರಜೆಯೆಂದು ಎಣಿಸುವಂತಿಲ್ಲ. ಹೊರಗೆ ಹೋಗಿದ್ದ ಮಕ್ಕಳು ಊರಲ್ಲಿ ಸಿಗುವ, ತಪ್ಪಿಹೋದ ಪಾಠವನ್ನು ತುಂಬಿಕೊಳ್ಳಬಹುದಾದ ಅವಧಿ ಅದೇ ಆಗಿದೆ. ಅದೇ ಅವಧಿ ಮದುವೆಗಳ ಕಾಲವೂ ಆಗಿರುವುದರಿಂದ, ಏಳನೇ ತರಗತಿ ಮುಗಿಸಿದ ಹುಡುಗಿಯು ಪ್ರತಿದಿನ ಬೆಳಿಗ್ಗೆ ಶಿಬಿರಕ್ಕೆ ಬರುತ್ತಿದ್ದಾಳೆ ಎಂಬುದು ಆಕೆಯ ಹೆಸರು ಜೂನ್ ತಿಂಗಳ ಹಾಜರಿಯಲ್ಲಿ ಉಳಿಯಲು ನೆರವಾಗುತ್ತದೆ ಎಂಬುದನ್ನು ಅನುಭವ ಮತ್ತೆ ಮತ್ತೆ ತೋರಿಸಿದೆ.

ಹಣದ ಕಾಲಚಕ್ರ ಇದಕ್ಕೆ ವಿರುದ್ಧವಾಗಿ ಸಾಗುತ್ತದೆ. ರಾಜ್ಯದ ಪ್ರಾಥಮಿಕ ಶಾಲೆಗಳ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ ಇರುತ್ತದೆ. ಸರ್ಕಾರದ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಳೆಯ ವರ್ಷದ ಅನುದಾನ ಮುಗಿದು, ಹೊಸ ವರ್ಷದ ಕ್ರಿಯಾಯೋಜನೆ, ಅಂದರೆ ಯಾವ ಬಾಬತ್ತಿಗೆ ಎಷ್ಟು ಖರ್ಚು ಎಂಬುದರ ಅನುಮೋದಿತ ಪಟ್ಟಿ, ಇನ್ನೂ ಕೈಗೆ ಬಾರದ ವಾರಗಳಲ್ಲೇ ಬೇಸಿಗೆ ಶಿಬಿರ ನಡೆಯಬೇಕು. ಹೀಗಾಗಿ ಶಿಬಿರಕ್ಕೆಂದು ಮಂಜೂರಾದ ಹಣ ಮಳೆಗಾಲದಲ್ಲಿ ಬಂದು, ಮಾರ್ಚ್ ಕೊನೆಯ ವಾರದಲ್ಲಿ ಚೀಲ, ಚಾರ್ಟು, ಆಟಿಕೆಗಳ ಖರೀದಿಯಾಗಿ ಮುಗಿಯುವುದು ಅಪರೂಪವಲ್ಲ. ಇದರಲ್ಲಿ ಯಾರ ಅಪ್ರಾಮಾಣಿಕತೆಯೂ ಇರಬೇಕಾಗಿಲ್ಲ. ಎರಡು ಪಂಚಾಂಗಗಳು ಕೂಡಿಬಾರದಿದ್ದರೆ ಆಗುವುದು ಇಷ್ಟೇ. ದಾನಿಗಳ ಹಣಕ್ಕೂ ಈ ಮಾತು ಹೊಂದುತ್ತದೆ, ಏಕೆಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯೂ ಮಾರ್ಚ್ ಲೆಕ್ಕಕ್ಕೇ ಕಟ್ಟುಬಿದ್ದಿದೆ. 2013ರ ಕಂಪನಿ ಕಾಯ್ದೆಯು ಆ ನಿಧಿಯಲ್ಲಿ ಕಾರ್ಖಾನೆ, ಗಣಿಗಳ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಹೇಳುವುದರಿಂದ, ಉಕ್ಕು ಮತ್ತು ಅದಿರಿನ ಉದ್ಯಮ ನೆಲೆಸಿರುವ ತೋರಣಗಲ್ಲು, ಸಂಡೂರುಗಳಿಂದ ದೂರವಿರುವ ಹಡಗಲಿ, ಹರಪನಹಳ್ಳಿಗಳ ಪಾಲಿಗೆ ಅದು ತಲುಪುವುದೂ ಕಡಿಮೆ.

ಬಾಬತ್ತಿನ ಪ್ರಶ್ನೆ ಇನ್ನೂ ಗಹನವಾದುದು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ರಚನೆಯಾದ, ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂದು ಕರೆಯಲಾಗುವ ಸಂಸ್ಥೆಯ ವ್ಯಾಪ್ತಿಗೆ ಈ ಐದೂ ತಾಲ್ಲೂಕುಗಳು ಬರುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಆರಂಭದಲ್ಲಿ ಹೊರಗುಳಿದು, ಬಳ್ಳಾರಿಗೆ ಮರಳುವ ಹೊತ್ತಿನಲ್ಲಷ್ಟೇ ಒಳಗೆ ಬಂತು. ಮಂಡಳಿಯ ಹಣದ ಬಹುಪಾಲು ಶಾಲಾ ಕೊಠಡಿ, ರಸ್ತೆ, ಕಟ್ಟಡಗಳಂಥ ಕಾಮಗಾರಿಗೆ ಹೋಗುತ್ತದೆ. ಕೊಠಡಿಗಳ ಕೊರತೆ ನಿಜವಾಗಿಯೂ ಇದ್ದ ಊರುಗಳಲ್ಲಿ ಅದರಿಂದ ಒಳಿತಾಗಿದೆ. ಆದರೆ ಸಂಜೆ ಐದರ ನಂತರ ಬೀಗ ಬೀಳುವ ಕೊಠಡಿ ಸಂಜೆ ಕಲಿಕೆಗೆ ನೆರವಾಗದು; ಅಲ್ಲಿ ಬೇಕಾಗಿರುವುದು ಬೀಗ ತೆಗೆದು ಮಕ್ಕಳ ಜೊತೆ ಕೂಡುವ, ತಿಂಗಳಿಗೊಮ್ಮೆ ಗೌರವಧನ ಪಡೆಯುವ ಒಬ್ಬ ವ್ಯಕ್ತಿ. ಗ್ರಾಮ ಪಂಚಾಯಿತಿಗೆ 2021–26ರ ಅವಧಿಗೆ ನಿಗದಿಯಾದ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿದ್ದು, ಉಳಿದ ಶೇ 40ರ ಮುಕ್ತ ಭಾಗವನ್ನು ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಿಗೆ ಬಳಸಬಹುದಿತ್ತು. ಶಿಕ್ಷಣ, ಅನೌಪಚಾರಿಕ ಶಿಕ್ಷಣ, ಗ್ರಂಥಾಲಯ ಮೂರೂ ಆ ಅನುಸೂಚಿಯಲ್ಲಿವೆ. ಆದರೆ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಆ ಹಣ ಸಲ್ಲದು ಎಂಬ ಷರತ್ತಿದ್ದುದರಿಂದ, ಗೌರವಧನದ ಪ್ರಸ್ತಾವ ಬಂದ ಕೂಡಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಅಂಜಿ ಹಿಂಜರಿಯುವುದು ಸಹಜವಾಗಿತ್ತು. ಮಕ್ಕಳಿಗೆ ಬೇಕಾದ ಎಲ್ಲವನ್ನೂ ಕೊಳ್ಳಬಹುದು, ಕಲಿಸುವವರೊಬ್ಬರನ್ನು ಮಾತ್ರ ಇರಿಸಿಕೊಳ್ಳಲಾಗದು ಎಂಬ ಈ ಸ್ಥಿತಿ ಬದಲಾಗಬೇಕು.

ಗೌರವಧನವೇ ಇಲ್ಲದೆ ಸ್ವಯಂಸೇವೆಯಿಂದ ಈ ಕೆಲಸ ನಡೆಯಲಾರದೇ ಎಂಬ ಪ್ರಶ್ನೆಗೆ ಹೊರಗಿನ ಅಧ್ಯಯನಗಳೂ ಈ ಭಾಗದ ಅನುಭವವೂ ಒಂದೇ ಉತ್ತರ ಕೊಡುತ್ತವೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಸಂಬಳವಿಲ್ಲದ ಯುವಕರು ಶಾಲೆಯ ಹೊರಗೆ ನಡೆಸಿದ ಓದು ತರಗತಿಗಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಂದ ಮಕ್ಕಳ ಓದು ಗಮನಾರ್ಹವಾಗಿ ಸುಧಾರಿಸಿತು, ಆದರೆ ಬಂದವರು ನೂರಕ್ಕೆ ಎಂಟರಷ್ಟು ಮಕ್ಕಳು ಮಾತ್ರ. ತಮಿಳುನಾಡು ಸರ್ಕಾರ 2021ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಇಲ್ಲಂ ತೇಡಿ ಕಲ್ವಿ’, ಅಂದರೆ ಮನೆ ಬಾಗಿಲಿಗೆ ಶಿಕ್ಷಣ, ಎಂಬ ಯೋಜನೆ ಬೇರೆ ದಾರಿ ಹಿಡಿಯಿತು: ಅದೇ ಬೀದಿಯ ವಿದ್ಯಾವಂತ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಆರಿಸಿ, ತಿಂಗಳಿಗೆ 1,000 ರೂಪಾಯಿ ಗೌರವಧನ ಕೊಟ್ಟು, ಸಂಜೆ ಒಂದರಿಂದ ಒಂದೂವರೆ ಗಂಟೆ ಮಕ್ಕಳ ಜೊತೆ ಕಳೆಯುವಂತೆ ಮಾಡಿತು. ಕೋವಿಡ್ ಕಾಲದ ಕಲಿಕಾ ನಷ್ಟದ ಮೂರನೇ ಎರಡು ಪಾಲು ಶಾಲೆಗಳು ತೆರೆದ ಆರು ತಿಂಗಳೊಳಗೆ ತುಂಬಿಬಂದಿತೆಂದೂ, ಆ ಚೇತರಿಕೆಯ ಸುಮಾರು ಕಾಲು ಭಾಗ ಈ ಸಂಜೆ ತರಗತಿಗಳ ಫಲವೆಂದೂ ಅಭಿಜೀತ್ ಸಿಂಗ್, ಮೌರಿಸಿಯೊ ರೊಮೇರೊ, ಕಾರ್ತಿಕ್ ಮುರಳೀಧರನ್ ಅವರ ಅಧ್ಯಯನ ಅಂದಾಜಿಸಿದೆ. ಕೋಗಳಿ ನಾಡಿನಲ್ಲಿ ಕಂಡುಬಂದದ್ದೂ ಇದೇ: ಉಚಿತವಾಗಿ ಕಲಿಸಲು ಮುಂದೆ ಬಂದ ಪದವೀಧರ ಹುಡುಗರ ಉತ್ಸಾಹ ಶೇಂಗಾ ಒಕ್ಕಣೆಯ ಹೊತ್ತಿಗೆ ಅಥವಾ ಬೆಂಗಳೂರಿನ ಕೆಲಸದ ಕರೆ ಬಂದಾಗ ನಿಂತುಹೋಗುತ್ತದೆ, ಅದನ್ನು ತಪ್ಪೆನ್ನಲು ಬರುವುದಿಲ್ಲ; ಆದರೆ ಊರಿಗೆ ಸೊಸೆಯಾಗಿ ಬಂದ, ಪಿಯುಸಿ ಓದಿದ ಮಹಿಳೆಯೊಬ್ಬರಿಗೆ ತಪ್ಪದೆ ಗೌರವಧನ ದೊರೆತ ಕಡೆ ತರಗತಿ ವರ್ಷಗಟ್ಟಲೆ ನಡೆದಿದೆ, ಮತ್ತು ಆಕೆಯ ಮಾತಿಗೆ ಮನೆಯಲ್ಲಿ ತೂಕ ಬಂದಿದೆ.

ಸ್ಥಳದ ಆಯ್ಕೆಯು ಯಾರು ಬರುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿಬಿಡುತ್ತದೆ ಎಂಬುದು 2020ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದ ಕಾಲದಲ್ಲೇ ಸ್ಪಷ್ಟವಾಯಿತು. ಶಾಲೆಗಳು ಮುಚ್ಚಿದ್ದಾಗ ಶಿಕ್ಷಕರು ಮರದ ನೆರಳು, ಮನೆಯ ಜಗುಲಿ, ಗುಡಿಯ ಆವರಣಗಳಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದ ಆ ಪ್ರಯೋಗ ಶ್ಲಾಘನೀಯವಾದುದು. ಆದರೂ ಗುಡಿಯ ಕಟ್ಟೆಯ ಮೇಲೆ ಎಲ್ಲ ಕೇರಿಯ ಮಕ್ಕಳು ಸಮನಾಗಿ ಕೂರುವ ವಾತಾವರಣ ಪ್ರತಿ ಊರಿನಲ್ಲೂ ಇಲ್ಲವೆಂಬುದನ್ನು ಯೋಜನೆ ಮಾಡುವವರು ಮರೆಯುವಂತಿಲ್ಲ. ಮುಖ್ಯ ಊರಿನಿಂದ ಮೈಲಿ ದೂರದ ತಾಂಡಾದ ಹುಡುಗಿಯರು ಕತ್ತಲಾದ ಮೇಲೆ ಶಾಲೆಯಿಂದ ಹಿಂದಿರುಗಲಾರರು. ತರಗತಿ ತಾಂಡಾದೊಳಗೆ, ಲಂಬಾಣಿ ಸಮುದಾಯದ ಸಂತ ಸೇವಾಲಾಲರ ಗುಡಿಯ ಮುಂದೆಯೋ ಅಂಗನವಾಡಿಯಲ್ಲೋ ನಡೆದಾಗ ಅವರು ಬರುತ್ತಾರೆ. ಸಂಜೆಯ ಹಸಿವೂ ಹಾಗೆಯೇ: ಮಧ್ಯಾಹ್ನದ ಬಿಸಿಯೂಟದ ನಂತರ ಏನನ್ನೂ ತಿನ್ನದ ಮಗು ಆರು ಗಂಟೆಗೆ ಪುಸ್ತಕದ ಮೇಲೆ ಮನಸ್ಸಿಡಲಾರದು, ಹೀಗಿದ್ದೂ ಹಣ ಕೊಡುವವರು ಮೊದಲು ಕತ್ತರಿಸುವ ಬಾಬತ್ತು ಮಂಡಕ್ಕಿ, ಶೇಂಗಾ, ಬಾಳೆಹಣ್ಣಿನದು. ಬೇಸಿಗೆಯ ಊಟದ ವಿಷಯದಲ್ಲಿ ಕಾನೂನಿನ ಬೆಂಬಲವೂ ಇದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲಿನಲ್ಲಿ ಆದೇಶಿಸಿತು, ಮತ್ತು 2024ರ ಬೇಸಿಗೆಯಲ್ಲಿ ರಾಜ್ಯ ಸರ್ಕಾರ ಬರಪೀಡಿತವೆಂದು ಘೋಷಿತವಾದ ತಾಲ್ಲೂಕುಗಳಲ್ಲಿ ಹಾಗೆಯೇ ನಡೆಸಿತು. ಅಡುಗೆ ಸಿಬ್ಬಂದಿ, ಅಕ್ಕಿ, ಮಕ್ಕಳು ಮೂರೂ ಒಂದೆಡೆ ಸೇರಿರುವ ಆ ದಿನಗಳಲ್ಲಿ ಊಟಕ್ಕೆ ಮುಂಚಿನ ಎರಡು ಗಂಟೆಗಳನ್ನು ಓದಿಗೆ ಮೀಸಲಿಡುವುದಕ್ಕಿಂತ ಅಗ್ಗದ ಬೇಸಿಗೆ ಶಿಬಿರ ಬೇರೊಂದಿಲ್ಲ.

ಗುಣಮಟ್ಟವೆಂಬುದು ಇಲ್ಲಿ ದುಬಾರಿ ಉಪಕರಣವಲ್ಲ. ತರಗತಿಯ ಸಂಖ್ಯೆಯನ್ನು ಬದಿಗಿಟ್ಟು ಮಗು ಈಗ ಅಕ್ಷರದ ಹಂತದಲ್ಲಿದೆಯೋ, ಪದದ ಹಂತದಲ್ಲೋ, ವಾಕ್ಯದ ಹಂತದಲ್ಲೋ ಎಂದು ನೋಡಿ ಗುಂಪು ಮಾಡುವುದು, ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳನ್ನು ಒಬ್ಬರಿಗೆ ಒಪ್ಪಿಸದಿರುವುದು, ಬಾರದ ಮಗುವಿನ ಮನೆಗೆ ಅಂದೇ ಹೋಗಿ ಕೇಳುವುದು ಗುಣಮಟ್ಟದ ತಿರುಳು. ವಡೋದರಾ ಮತ್ತು ಮುಂಬೈನ ಬಾಲಸಖಿ ಪ್ರಯೋಗವು, ಅಂದರೆ ಹಿಂದುಳಿದ ಮಕ್ಕಳಿಗೆ ಶಾಲಾ ವೇಳೆಯಲ್ಲೇ ಸ್ಥಳೀಯ ಯುವತಿಯರು ಕಲಿಸಿದ ಪ್ರಯೋಗವು, ಒಳ್ಳೆಯ ಫಲ ಕೊಟ್ಟರೂ ನೆರವು ನಿಂತ ಒಂದು ವರ್ಷದ ಬಳಿಕ ಆ ಫಲದ ಬಹುಪಾಲು ಕರಗಿತ್ತೆಂದು 2007ರ ಅಧ್ಯಯನ ದಾಖಲಿಸಿದೆ. ಒಂದೇ ವರ್ಷದ ಯೋಜನೆಗಳಿಗೆ ಹಣ ಕೊಟ್ಟು ಮುಂದಿನ ವರ್ಷ ಬೇರೆ ಊರಿಗೆ ಹೋಗುವ ಪದ್ಧತಿಯ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ವೆಚ್ಚವನ್ನು ಹೀಗೆ ಲೆಕ್ಕ ಹಾಕಬಹುದು. ಇಪ್ಪತ್ತು ಮಕ್ಕಳ ಒಂದು ತಾಂಡಾ ತರಗತಿಗೆ ತಿಂಗಳಿಗೆ 3,000 ರೂಪಾಯಿ ಗೌರವಧನದಂತೆ ವರ್ಷಕ್ಕೆ 36,000, ಮಗುವಿಗೆ ದಿನಕ್ಕೆ 5 ರೂಪಾಯಿಯ ತಿಂಡಿಯಂತೆ 240 ದಿನಕ್ಕೆ 24,000, ಪುಸ್ತಕ ಮತ್ತು ದೀಪಕ್ಕೆ 5,000 ಎಂದಿಟ್ಟುಕೊಂಡರೆ ಒಟ್ಟು 65,000 ರೂಪಾಯಿ, ಅಂದರೆ ಮಗುವಿಗೆ ವರ್ಷಕ್ಕೆ 3,250 ರೂಪಾಯಿ ಆಗುತ್ತದೆ. ಇದಕ್ಕೆ ತಕ್ಕ ನೆಲೆಯೂ ಊರಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು, ನಂತರ ಅರಿವು ಕೇಂದ್ರಗಳಾದವು. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ, ಜಾಗದ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಕರ ವಸೂಲಾಗುತ್ತದೆ. ಪಂಚಾಯಿತಿಯ ಸ್ವಂತ ವರಮಾನಕ್ಕೆ ಹಣಕಾಸು ಆಯೋಗದ ಷರತ್ತು ಅನ್ವಯಿಸದಿರುವುದರಿಂದ, ಮಂಡಳಿಯ ಅಥವಾ ದಾನಿಗಳ ನೆರವನ್ನು ಸ್ವಂತ ವರಮಾನದ ಜೊತೆ ಜೋಡಿಸಿ, ಅರಿವು ಕೇಂದ್ರದ ಮೇಲ್ವಿಚಾರಕರ ಉಸ್ತುವಾರಿಯಲ್ಲಿ ತಾಂಡಾಗೊಂದು ಸಂಜೆ ತರಗತಿಯನ್ನು ಅದರ ಶಾಖೆಯಂತೆ ನಡೆಸುವುದು ಸಾಧ್ಯ.

ಉಳಿಯುವ ತೊಡಕು ಯೋಜನೆ ತಯಾರಿಯ ಕಾಲದ್ದು. ಮಕ್ಕಳ ಗ್ರಾಮಸಭೆಗಳು ಸಾಮಾನ್ಯವಾಗಿ ನವೆಂಬರಿನ ಸುಮಾರಿಗೆ ನಡೆಯುತ್ತವೆ, ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಚಳಿಗಾಲದಲ್ಲಿ ಸಿದ್ಧವಾಗುತ್ತದೆ, ಬಜೆಟ್ ಮಾರ್ಚಿಗೆ ಮುನ್ನ ರೂಪುಗೊಳ್ಳುತ್ತದೆ. ಅಷ್ಟರಲ್ಲಿ ಈ ತರಗತಿಗಳು ಯಾರಿಗಾಗಿ ಬೇಕೋ ಆ ಕುಟುಂಬಗಳು ಕಾಫಿ ತೋಟದ ಲೈನ್ ಮನೆಗಳಲ್ಲಿರುತ್ತವೆ. ಸಭೆಯಲ್ಲಿ ಇಲ್ಲದವರ ಮಕ್ಕಳ ಹೆಸರಿನಲ್ಲಿ ಬೇಡಿಕೆ ಬರೆಸುವವರು ಯಾರೂ ಇಲ್ಲದೆ ಚರಂಡಿ, ಸಿಸಿ ರಸ್ತೆಗಳೇ ಪಟ್ಟಿಯಲ್ಲಿ ಮೇಲೆ ಬರುತ್ತವೆ. ಆದ್ದರಿಂದ ತಾಂಡಾ ಮತ್ತು ಹಟ್ಟಿಗಳ ವಾರ್ಡ್ ಸಭೆಗಳನ್ನು ದಸರಾ ರಜೆಯ ಹೊತ್ತಿಗೆ, ಮೆಕ್ಕೆಜೋಳದ ಕಟಾವಿಗೆ ಎಲ್ಲರೂ ಊರಲ್ಲಿರುವಾಗ, ಕೂಲಿ ಮುಗಿಸಿ ಬರುವ ಸಂಜೆಯ ವೇಳೆಗೆ ಕರೆದು, ಏಪ್ರಿಲ್ ಮತ್ತು ಮೇ ತಿಂಗಳ ಗೌರವಧನವನ್ನು ಪಂಚಾಯಿತಿಯ ಸ್ವಂತ ನಿಧಿಯಿಂದ ಕೊಡುವುದಾಗಿ ಅಲ್ಲೇ ನಡಾವಳಿಯಲ್ಲಿ ಬರೆಸಬೇಕು. ಹಾಗೆ ಬರೆಸಿದ ಕಡೆ ಹೊಸ ಅನುದಾನ ಬರುವುದು ಜುಲೈಗೆ ಜಾರಿದರೂ ಶಿಬಿರ ಏಪ್ರಿಲ್ ಎರಡನೇ ವಾರದಲ್ಲೇ ಆರಂಭವಾಗಬಹುದು.