ಕೀಟಕ್ಕೆ ರೋಗವೆಂದರೇನು?

ರೇಷ್ಮೆ ಸೀಮೆಯ ರೈತರು “ಹುಳು ಜ್ವರಕ್ಕೆ ಕೂತಿದೆ” ಎನ್ನುವುದುಂಟು. ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಇರುವ ಹುಳುವನ್ನು ಕಂಡವರಿಗೆ ಆ ಮಾತು ಸಹಜವೆಂದೇ ತೋರುವುದು. ಆದರೆ ಇದು ರೋಗವಲ್ಲ, ಪೊರೆ ಕಳಚುವ ಕಾಲ. ಗೂಡು ಕಟ್ಟುವುದರೊಳಗೆ ಹುಳು ಇಂಥ ನಾಲ್ಕು ಜ್ವರಗಳನ್ನು ದಾಟುತ್ತದೆ.

ಹಾಗಾದರೆ ಕೀಟಶಾಸ್ತ್ರದಲ್ಲಿ ರೋಗವೆಂದರೇನು? ಮೇವು ಬಿಡುವುದೇ ಲಕ್ಷಣವೆಂದರೆ ಈ ಜ್ವರವೂ ರೋಗವಾದೀತು. ಸಾವೇ ಲಕ್ಷಣವೆಂದರೆ ಹಲ್ಲಿ ನುಂಗಿದ್ದೂ ರೋಗವಾದೀತು! ದೇಹದ ಸಹಜ ವ್ಯಾಪಾರಗಳು ಒಳಗಿನಿಂದ ಕೆಟ್ಟಿರುವ ಸ್ಥಿತಿಯನ್ನೇ ಶಾಸ್ತ್ರವು ರೋಗವೆನ್ನುತ್ತದೆ. ಕೆಡಿಸುವುದು ಸೂಕ್ಷ್ಮಜೀವಿಯೇ ಆಗಬೇಕೆಂದಿಲ್ಲ. ವಿಷ, ಅತಿಯಾದ ಸೆಕೆ, ಮೇವಿನ ಕೊರತೆಗಳಿಂದಲೂ ಕೆಡಬಹುದು.

ಈ ಸ್ಥಿತಿ ಕಣ್ಣಿಗೆ ಕಾಣಲೇಬೇಕೆಂದೂ ಇಲ್ಲ. ಗಂಟು ರೋಗವನ್ನೇ ನೋಡಿ. ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿದ್ದ ಇದನ್ನು ಅರಿಯಲು ಲೂಯಿ ಪಾಶ್ಚರನು 1865ರಲ್ಲಿ ಅಲೇಸ್ ಪಟ್ಟಣಕ್ಕೆ ಹೋದನು. ರಸಾಯನಶಾಸ್ತ್ರಜ್ಞನಾದ ಆತನಿಗೆ ರೇಷ್ಮೆಹುಳುವಿನ ಪರಿಚಯವೇ ಇರಲಿಲ್ಲ. ಸೋಂಕು ಅಲ್ಪವಾಗಿದ್ದರೆ ಹುಳು ಗೂಡು ಕಟ್ಟಿ, ಚಿಟ್ಟೆಯಾಗಿ, ಮೊಟ್ಟೆಯನ್ನೂ ಇಡುತ್ತದೆ. ನೋಡುವವರಿಗೆ ಆರೋಗ್ಯದ ಕಳೆ! ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಮಾತ್ರ ಹೊಳೆಯುವ ಅಂಡಾಕಾರದ ಕಣಗಳು ಕಾಣುತ್ತವೆ. ಅವು ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತವೆ. ಕಣ ಕಂಡ ತಾಯಿಯ ಮೊಟ್ಟೆಗಳನ್ನು ನಾಶಮಾಡಬೇಕೆಂಬುದು ಪಾಶ್ಚರನ ಉಪಾಯ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯನ್ನು ಅರೆದು ಪರೀಕ್ಷಿಸುವುದು ಇದಕ್ಕಾಗಿಯೇ. ತಟ್ಟೆಯಲ್ಲಿ ಹುಳು ಸೊರಗಿದ ಮೇಲೆ ಕಂಡು ಫಲವಿಲ್ಲ. ಸಾಲ ಮಾಡಿ ಮೊಟ್ಟೆ ಕೊಂಡ ರೈತನ ಬೆಳೆ ಆಗಲೇ ಹೋಗಿರುತ್ತದೆ. ವೈದ್ಯನು ರೋಗಿಯ ಕೈಹಿಡಿದು ನೋಡಿದರೆ, ಇಲ್ಲಿ ರೋಗಿಯ ತಾಯಿಯನ್ನು ನೋಡಬೇಕು.

ಸುಣ್ಣಕಟ್ಟು ರೋಗದ ಕಥೆ ಇನ್ನೂ ಹಳೆಯದು. ಸತ್ತ ಹುಳು ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುವುದರಿಂದ ಈ ಹೆಸರು. ಇದಕ್ಕೆ ಒಂದು ಬೂಷ್ಟೇ ಕಾರಣವೆಂದು ಇಟಲಿಯ ಅಗೊಸ್ಟಿನೊ ಬಾಸ್ಸಿಯು 1835ರಲ್ಲಿ ಪ್ರಕಟಿಸಿದನು. ದನಕುರಿಗಳ ನೆರಡಿ ರೋಗಕ್ಕೆ ರಾಬರ್ಟ್ ಕಾಖ್ ಸೂಕ್ಷ್ಮಜೀವಿಯ ಕಾರಣವನ್ನು ತೋರಿಸಿದ್ದು 1876ರಲ್ಲಿ. ರೋಗಾಣು ಸಿದ್ಧಾಂತದ ಮೊದಲ ಪಾಠವನ್ನು ಕಲಿಸಿದ್ದು ಹುಳುವೇ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬಹುದಿತ್ತು.

ಬಾಸ್ಸಿಯ ಹೆಸರನ್ನೇ ಹೊತ್ತ ಆ ಬೂಷ್ಟು, ಬ್ಯೂವೇರಿಯ ಬ್ಯಾಸಿಯಾನ, ಇಂದು ಅಂಗಡಿಗಳಲ್ಲಿ ಮಾರಾಟವಾಗುತ್ತದೆ! ಕಾಫಿಯ ಕಾಯಿಕೊರಕಕ್ಕೆ ರೋಗ ತರಿಸಲೆಂದೇ ಬೆಳೆಗಾರರು ಅದನ್ನು ಸಿಂಪಡಿಸುತ್ತಾರೆ. ಅಲ್ಲಿ ರೋಗವೇ ಔಷಧ. ಹಿಪ್ಪುನೇರಳೆ ತೋಟದ ಹತ್ತಿರ ಮಾತ್ರ ಅದು ಸುಳಿಯಬಾರದು.