ನಾಗಬನದ ದಾರಿಯಲ್ಲಿ ಹಳೇ ಕಾಡಿನ ಪಾಠ

ಈ ಸಲದ ಗೋಡೆ ಪತ್ರಿಕೆಯಲ್ಲಿ ಹಳೇ ಕಾಡು ಎಂದರೆ ಎಂತದ್ದು, ಅದನ್ನು ಗುರುತಿಸುವುದು ಹೇಗೆ ಎಂದು ಬರೆಯುತ್ತೇನೆ. ಇದಕ್ಕೆ 1343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಬೇಕಾಗಿಲ್ಲ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಊರೂರಲ್ಲೂ ನಾಗಬನ ಉಂಟು. ಸುತ್ತಲಿನ ಕಾಡು ಕಡಿದು ಗದ್ದೆ, ತೋಟ, ಮನೆ ಮಾಡಿದಾಗಲೂ ಹಿರಿಯರು ಬನಕ್ಕೆ ಕತ್ತಿ ಹಾಕಲಿಲ್ಲ. ಹಾಗಾಗಿ ಕೆಲವು ಬನಗಳು ಹಳೇ ಕಾಡಿನ ಉಳಿದ ತುಂಡುಗಳು. ಪಶ್ಚಿಮ ಘಟ್ಟದ ಇಂಥ ದೇವರ ಕಾಡುಗಳನ್ನು 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಎಂಬ ವಿಜ್ಞಾನಿಗಳು ಅಧ್ಯಯನ ಮಾಡಿದ್ದರು.

ಕೆಲವರ ಬನದಲ್ಲಿ ಎರಡು ಮರ, ಒಂದು ಕಟ್ಟೆ ಅಷ್ಟೆ. ನಮ್ಮ ಕುಟುಂಬದ ಮೂಲಬನ ಮಾತ್ರ ಒಂದು ಎಕರೆಯಷ್ಟು ದೊಡ್ಡದು. ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ಕಿಲೋಮೀಟರ್ ನಡೆದರೆ ಸಿಕ್ಕಿತು. ಏರಿಲ್ಲ, ಇಳಿಜಾರಿಲ್ಲ. ನಾಗರಪಂಚಮಿಗೆ ಹಾಲು, ಸೀಯಾಳ, ಹಿಂಗಾರ, ಕೇದಗೆ ಹಿಡಿದುಕೊಂಡು ಎಲ್ಲರೂ ಹೋಗುತ್ತೇವೆ. ಮಂಡಿನೋವಿನ ಅಜ್ಜಿ ಕೋಲೂರಿಕೊಂಡು ಬರುತ್ತಾರೆ, ನಾಲ್ಕು ವರ್ಷದ ತಮ್ಮನೂ ನಡೆಯುತ್ತಾನೆ.

ದಾರಿಯಲ್ಲಿ ಮೊದಲು ಸಿಗುವುದು ಅಕೇಶಿಯಾ ನೆಡುತೋಪು. ಈ ಮರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಎಲ್ಲವೂ ಒಂದೇ ಸಲ ನೆಟ್ಟದ್ದು, ಒಂದೇ ದಪ್ಪ, ಸಾಲಾಗಿ ಪ್ರಾರ್ಥನೆಗೆ ನಿಂತ ಹಾಗೆ. ಅದನ್ನು ದಾಟಿ ಬನಕ್ಕೆ ಕಾಲಿಟ್ಟ ಕೂಡಲೇ ತಂಪು. ಚಪ್ಪಲಿ ಹೊರಗೆ ಬಿಡಬೇಕು, ಆದ್ದರಿಂದ ವ್ಯತ್ಯಾಸ ಮೊದಲು ಗೊತ್ತಾಗುವುದು ಕಾಲಿಗೆ. ಕೊಳೆತ ತರಗೆಲೆಯ ಮೇಲೆ ಹಾಸಿಗೆ ಮೇಲೆ ನಡೆದ ಹಾಗೆ ಆಗುತ್ತದೆ. (ಉಂಬಳವೂ ಹತ್ತುತ್ತದೆ, ಅದನ್ನು ಮುಚ್ಚಿಡುವುದಿಲ್ಲ.) ಧೂಪ, ರೆಂಜೆ, ಸುರಹೊನ್ನೆ, ರಾಂಪತ್ರೆ, ಅವುಗಳಿಗೆ ಸುತ್ತಿಕೊಂಡ ತೊಡೆಯಷ್ಟು ದಪ್ಪದ ಬಳ್ಳಿ, ಬಿದ್ದು ಕೊಳೆಯುತ್ತಿರುವ ಮರ, ಅದರ ಮೇಲೆ ಅಣಬೆ. ಮಳೆ ನಿಂತ ಮೇಲೂ ಬನದೊಳಗೆ ಸುಮಾರು ಹೊತ್ತು ಹನಿ ಬೀಳುತ್ತಲೇ ಇರುತ್ತದೆ.

ಅಂಚಿನಲ್ಲಿರುವ ಧೂಪದ ಮರಕ್ಕೆ ನನ್ನ ಎದೆಮಟ್ಟದಲ್ಲಿ ಹಗ್ಗ ಸುತ್ತಿ ಅಳೆದೆವು. 4 ಮೀಟರ್ 40 ಸೆಂ.ಮೀ. ಬಂತು. ಗಣಿತದಲ್ಲಿ ಕಲಿತ ಹಾಗೆ 22/7ರಿಂದ ಭಾಗಿಸಿದರೆ ವ್ಯಾಸ 1 ಮೀಟರ್ 40 ಸೆಂ.ಮೀ. ನಿಮ್ಮ ಬನದ ಮರವನ್ನೂ ಅಳೆದು ತನ್ನಿ, ಹೋಲಿಸಿ ನೋಡುವ. ಪ್ರಾಯ ಹೇಳುವುದು ಮಾತ್ರ ಕಷ್ಟ. ಚಳಿ ದೇಶದ ಮರದಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ, ನಮ್ಮ ನಿತ್ಯಹರಿದ್ವರ್ಣದ ಹೆಚ್ಚಿನ ಮರಗಳಲ್ಲಿ ಅದು ಸ್ಪಷ್ಟವಾಗಿ ಇರುವುದಿಲ್ಲ. ಅಜ್ಜಿಯನ್ನು ಕೇಳಿದರೆ, "ನಾನ್ ಮದಿ ಆಯ್ ಬಪ್ಪತ್ತಿಗೂ ಇದ್ ಹೀಂಗೇ ಇದ್ದಿತ್ತ್" ಎಂದರು.

ಪ್ರಪಂಚದ ಅತಿ ಎತ್ತರದ ಮರ ಅಮೆರಿಕದ ಕ್ಯಾಲಿಫೋರ್ನಿಯಾದ ರೆಡ್‌ವುಡ್. 2006ರಲ್ಲಿ ಅಳೆದ ಒಂದು ಮರ 115 ಮೀಟರಿಗಿಂತ ಎತ್ತರ ಇತ್ತು. 2000 ವರ್ಷ ದಾಟಿದ ಮರಗಳೂ ಇವೆ. ಅಲ್ಲಿಯೂ ಹಳೇ ಕಾಡನ್ನು ಕಡಿದು ಈಗ ನೂರರಲ್ಲಿ ಐದು ಪಾಲು ಮಾತ್ರ ಉಳಿದಿದೆ. ಹಾಗೆ ಉಳಿದ ಮ್ಯೂರ್ ವುಡ್ಸ್ ಎಂಬ ಕಾಡನ್ನು 1908ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಸಾರಿದರು. ಅಲ್ಲಿ ನಡೆಯಲು ಮರದ ಹಲಗೆಯ ದಾರಿ ಮಾಡಿದ್ದಾರೆ, ಗಾಲಿಕುರ್ಚಿಯಲ್ಲಿ ಕೂತವರೂ ಹೋಗಬಹುದು. ರೆಡ್‌ವುಡ್ಡಿನ ಬೇರು ಆಳಕ್ಕೆ ಇಳಿಯುವುದಿಲ್ಲ, ಜನ ತುಳಿದು ಮಣ್ಣು ಗಟ್ಟಿಯಾದರೆ ಮರಕ್ಕೆ ತೊಂದರೆ. ಅಂದರೆ ಅಲ್ಲಿ ಮರದ ಜೊತೆಗೆ ನೆಲವನ್ನೂ ಕಾಪಾಡುತ್ತಾರೆ.

ಇದನ್ನು ಬರೆಯಲು ಕಾರಣ ಉಂಟು. ಬೆಂಗಳೂರಿನಿಂದ ಬಂದ ದೊಡ್ಡಪ್ಪಯ್ಯ ಈ ವರ್ಷ ಬನದ ಜೀರ್ಣೋದ್ಧಾರ ಆಗಬೇಕು ಎಂದಿದ್ದಾರೆ. ಗ್ರಾನೈಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ಶೀಟು. ಸಣ್ಣ ಗಿಡ ತೆಗೆಯುವುದು, ದೊಡ್ಡ ಮರ ನಾಲ್ಕು ಬಿಡುವುದು. ಅವರ ಮಾತು ಪೂರಾ ಸುಳ್ಳಲ್ಲ. ಅರವತ್ತು ಜನ ಕೆಸರಿನಲ್ಲಿ ನಿಲ್ಲಬೇಕು, ಕಳೆದ ವರ್ಷ ಅಜ್ಜಿ ಜಾರಿದ್ದರು. "ಮರ ಕಡಿಯುದಿಲ್ಲ ಅಲ್ದಾ, ಮತ್ತೆಂತ ತೊಂದ್ರೆ?" ಎಂದು ಕೇಳುತ್ತಾರೆ.

ಆದರೆ ಹಳೇ ಕಾಡಿನ ಮುಖ್ಯ ಗುರುತು ದೊಡ್ಡ ಮರ ಒಂದೇ ಅಲ್ಲ, ಅಜ್ಜಮರದ ಕೆಳಗೆ ಮಗ ಮೊಮ್ಮಕ್ಕಳೂ ಇರಬೇಕು. ಧೂಪದ ಬೀಜ ಮಳೆಗಾಲದ ಶುರುವಿಗೆ ಬಿದ್ದು ಹಸಿ ನೆಲದಲ್ಲಿ ಬೇಗ ಮೊಳೆಯುತ್ತದೆ. ಒಣಗಿದರೆ ಸಾಯುತ್ತದೆ, ಭತ್ತದ ಹಾಗೆ ಡಬ್ಬಿಯಲ್ಲಿ ಇಟ್ಟು ಬರುವ ವರ್ಷ ಬಿತ್ತಲು ಆಗುವುದಿಲ್ಲ. ಸಸಿ ನೆರಳಿನಲ್ಲಿ ಮೆಲ್ಲ ಬೆಳೆಯುತ್ತಾ ಕಾಯುತ್ತದೆ. ದೊಡ್ಡ ಮರ ಬಿದ್ದು ಬೆಳಕು ಬಂದಾಗ ಮೇಲೇಳುತ್ತದೆ. ಇಂಟರ್‌ಲಾಕ್ ಹಾಕಿದರೆ ನಾಲ್ಕು ಮರ ನಿಂತಿರುತ್ತವೆ, ಅವು ಬಿದ್ದ ಮೇಲೆ ಐದನೆಯದ್ದು ಬರುವುದಿಲ್ಲ.

ಪೂಜೆ ಮುಗಿದು ಪ್ರಸಾದಕ್ಕೆ ಕಾಯುವಾಗ ನಾನು ಮತ್ತು ಚಿಕ್ಕಪ್ಪನ ಮಗಳು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಜಾಗದಲ್ಲಿ ಸಸಿ ಎಣಿಸಿದೆವು. ಧೂಪ 14, ರೆಂಜೆ 5, ರಾಂಪತ್ರೆ 3, ಸುರಹೊನ್ನೆ 1. ವಾಪಸು ಬರುವಾಗ ಅಕೇಶಿಯಾದ ಕೆಳಗೂ ಅಷ್ಟೇ ಜಾಗ ನೋಡಿದೆವು. ಇವುಗಳಲ್ಲಿ ಒಂದೂ ಇರಲಿಲ್ಲ, ಕಮ್ಯುನಿಸ್ಟ್ ಗಿಡ ಮಾತ್ರ.

ಈ ಲೆಕ್ಕವನ್ನು ನೋಟುಪುಸ್ತಕದ ಹಾಳೆಯಲ್ಲಿ ಬರೆದು ದೊಡ್ಡಪ್ಪಯ್ಯನ ಕೈಗೆ ಕೊಟ್ಟೆ. ಕಟ್ಟೆಗೆ ಬರುವ ದಾರಿಗೆ ಮಾತ್ರ, ಅಜ್ಜಿ ಜಾರದ ಹಾಗೆ, ಒಂದು ಸಾಲು ಮುರಕಲ್ಲು ಹಾಸಿದರೆ ಸಾಕು ಎಂದು ಕೆಳಗೆ ಬರೆದಿದ್ದೆ. ಅವರು ಎರಡು ಸಲ ಓದಿ ಅಂಗಿ ಕಿಸೆಗೆ ಹಾಕಿಕೊಂಡರು. ಕುಟುಂಬದ ಮೀಟಿಂಗ್ ದೀಪಾವಳಿ ರಜೆಯಲ್ಲಿ.