ಫಾರ್ಮ್ಯಾಟ್‌ಗೆ ಮುಂಚಿನ ಒಂದು ಗಂಟೆ

ಭಾನುವಾರ ನಿಮ್ಮಮ್ಮನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುತ್ತೇನೆ ಎಂದೆಯಲ್ಲ ಅಳಿಯಾ, ಮಾಡು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೇ ಕಂಪನಿಯ ಮಾಮೂಲಿ ಬೆಂಬಲ ನಿಂತಿತು, ಹೊಸದು ಹಾಕುವುದು ಸರಿಯೇ. ಹಾಕುವ ಕೆಲಸ ನನಗಿಂತ ನಿನಗೇ ಚೆನ್ನಾಗಿ ಬರುತ್ತದೆ. ನಾನು ಹೇಳಬೇಕೆಂದಿರುವುದು ಅದಕ್ಕೆ ಮುಂಚಿನ ಒಂದು ಗಂಟೆಯ ಮಾತು.

ನಾನು ಡಿಟಿಪಿ ಅಂಗಡಿ ಇಟ್ಟಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆತನದ ವಂಶಾವಳಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸುತ್ತಿದ್ದರು. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು, ಕನ್ನಡಕ ಒರೆಸಿಕೊಳ್ಳುತ್ತ ಹೇಳಿ ಬರೆಸಿದರು. ಒಂದು ದಿನ ವೈರಸ್ ಹೊಕ್ಕಿತು. ಕೆಲಸದ ಫೈಲೆಲ್ಲ ಡಿ ಡ್ರೈವ್‌ನಲ್ಲಿದೆ ಎಂಬ ಧೈರ್ಯದ ಮೇಲೆ ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದೆ. ಮೇಷ್ಟ್ರ ಫೈಲ್ ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಎನ್ನುವುದೂ ಸಿ ಡ್ರೈವ್‌ನ ಹೊಟ್ಟೆಯಲ್ಲೇ ಇರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಫೈಲ್‌ಗಳನ್ನಲ್ಲ, ಯಾವುದು ಎಲ್ಲಿದೆ ಎನ್ನುವ ಪಟ್ಟಿಯನ್ನು. ಅಲ್ಲಿಗೇ ಕೈ ನಿಲ್ಲಿಸಿ, ಡಿಸ್ಕ್ ಕಳಚಿ, ರಿಕವರಿ ಮಾಡುವವರ ಹತ್ತಿರ ಒಯ್ದಿದ್ದರೆ ಏನಾದರೂ ಸಿಗುತ್ತಿತ್ತು. ನಾನು ವಿಂಡೋಸ್, ಪೇಜ್‌ಮೇಕರ್, ಪ್ರಿಂಟರ್ ಡ್ರೈವರ್ ಎಲ್ಲ ಹೇರಿದ ಮೇಲೆ ಹುಡುಕಲು ಕೂತೆ. ನಿಮ್ಮಮ್ಮನ ಕಂಪ್ಯೂಟರಿನಲ್ಲಿರುವುದು ಎಸ್‌ಎಸ್‌ಡಿ, ಅಲ್ಲಿ ಆ ಆಸೆಯನ್ನೂ ಇಟ್ಟುಕೊಳ್ಳಬೇಡ. ಖಾಲಿ ಎಂದು ಗುರುತಾದ ಜಾಗವನ್ನು ಟ್ರಿಮ್ ಎಂಬ ಏರ್ಪಾಡು ಬೇಗನೆ ತೊಳೆಸಿಬಿಡುತ್ತದೆ.

ಮೇಷ್ಟ್ರು ಬೈಯಲಿಲ್ಲ. ‘ಇನ್ನೊಂದ್ಸಲ ಹೇಳ್ತೀನಿ ಬಿಡಿ’ ಎಂದು ಹೋದವರು ಮತ್ತೆ ಬರಲಿಲ್ಲ.

ಅದಕ್ಕೇ, ಮೊದಲು ನಿಮ್ಮಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ. ‘ಇದರಲ್ಲಿ ಏನೇನಿದೆ?’ ಎಂದು ಕೇಳಿದರೆ ‘ಏನೂ ಇಲ್ಲ, ತೆಗಿ’ ಅಂತಾಳೆ, ನನ್ನ ತಂಗಿ ನನಗೆ ಗೊತ್ತಿಲ್ಲವೇ! ಅವಳು ತೆರೆಯುವ ಒಂದೊಂದನ್ನೂ ಅವಳ ಕೈಯಲ್ಲೇ ತೆರೆಸಿ, ಅದು ಎಲ್ಲಿ ಸೇವ್ ಆಗಿದೆ ನೋಡು. ಸಂಘದ ಲೆಕ್ಕ, ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಪಹಣಿ, ಬ್ರೌಸರ್ ನೆನಪಿಟ್ಟುಕೊಂಡು ಅವಳು ಮರೆತಿರುವ ಪಾಸ್‌ವರ್ಡ್‌ಗಳು. ನುಡಿ, ಬರಹದ ಹಳೆಯ ಫಾಂಟ್‌ಗಳನ್ನೂ ಬಿಡಬೇಡ. ಯೂನಿಕೋಡ್ ಅಲ್ಲದ ಫೈಲ್‌ಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಇವನ್ನೆಲ್ಲ ಹೊರಗಿನ ಡಿಸ್ಕೊಂದಕ್ಕೆ ಹಾಕಿಕೋ, ಆದರೆ ಕಾಪಿ ಆಯಿತೆಂದು ನಂಬಬೇಡ. ಆ ಹೊರಗಿನ ಡಿಸ್ಕನ್ನು ನಿನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನಾಲ್ಕಾರು ಫೈಲ್ ತೆರೆದು ನೋಡು, ಆಮೇಲೆ ಅದನ್ನು ಕಿತ್ತು ಬೀರುವಿನಲ್ಲಿಡು. ಸಿಕ್ಕಿಸಿಯೇ ಬಿಟ್ಟರೆ ಸೆಟಪ್ ಪರದೆಯಲ್ಲಿ ಅದೂ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಸಿ, ಡಿ ಎಂಬ ಅಕ್ಷರಗಳಿರುವುದಿಲ್ಲ, ಡಿಸ್ಕ್ 0, ಡಿಸ್ಕ್ 1 ಎಂದಿರುತ್ತದೆ. ಗಾತ್ರ ನೋಡಿ ಗುರುತು ಹಿಡಿ. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿದರೆ ಗಾಬರಿಯಾಗಬೇಡ, ಲೆಕ್ಕ ಹಾಕುವ ರೀತಿಯೇ ಬೇರೆ.

ಅಂದಹಾಗೆ, ಪಿಕ್ಚರ್ಸ್ ಫೋಲ್ಡರಿನಲ್ಲಿ ಎಲ್ಲೋ ನಿನ್ನ ಅಜ್ಜ ತೋಟದ ಬಾವಿಕಟ್ಟೆ ಮೇಲೆ ಕೂತು ಎಲೆಅಡಿಕೆ ಹಾಕುವ ವಿಡಿಯೋ ಇರಬೇಕು. ಅಪ್ಪನ ದನಿ ಇರುವುದು ಅದೊಂದರಲ್ಲೇ. ಪೆನ್‌ಡ್ರೈವ್ ಕಳಿಸಿದ್ದೇನೆ, ನನಗೂ ಒಂದು ಕಾಪಿ ಹಾಕಿಕೊಡು.